ಹೊಗೆಯ ಜಾಗ ಬದಲಿಸಬೇಡಿ, ಹುಟ್ಟನ್ನೇ ತಡೆಯಿರಿ: ಹವಾಮಾನ, ಆರೋಗ್ಯ, ಬೆಳೆ ಮೂರಕ್ಕೂ ಒದಗುವ ಕೆಲಸಗಳು

ಒಲೆ ತಣ್ಣಗಿರುವ ಹೊತ್ತಿನಲ್ಲಿ ಅದರ ಮೇಲಿನ ಗೋಡೆಯನ್ನು ಒಂದು ತುಂಡು ಬಿಳಿ ಬಟ್ಟೆಯಿಂದ ಒರೆಸಿ. ಡೀಸೆಲ್ ಜನರೇಟರ್ ಇದ್ದರೆ ಅದರ ಹೊಗೆಕೊಳವೆಯ ಬಾಯನ್ನೂ ಒರೆಸಿ. ಬಟ್ಟೆಗೆ ಹತ್ತಿದ ಮಸಿ ಕಣ್ಣಿಗೆ ಕಾಣುತ್ತದೆ, ಗೊಣಗಿಕೊಂಡು ತೊಳೆಯುತ್ತೇವೆ. ಗೋಡೆಗೆ ಅಂಟಿದ್ದು ಸ್ವಲ್ಪವೇ. ಹೆಚ್ಚಿನದು ಆಗಲೇ ಗಾಳಿ ಸೇರಿದೆ. ಅದರಲ್ಲಿ ಒಂದಷ್ಟು ಒಲೆಯ ಮುಂದೆ ಕುಳಿತವರ ಎದೆಗಿಳಿಯಿತು, ಒಂದಷ್ಟು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸಿತು, ಇನ್ನೊಂದಷ್ಟು ಎಲ್ಲೋ ಬೆಳೆಯ ಎಲೆಯ ಮೇಲೋ ಬೆಟ್ಟದ ಹಿಮದ ಮೇಲೋ ಹೋಗಿ ಕುಳಿತಿತು. ಹವಾಮಾನಕ್ಕೊಂದು, ಆರೋಗ್ಯಕ್ಕೊಂದು, ಬೇಸಾಯಕ್ಕೊಂದು ಎಂದು ಇಲಾಖೆಗಳನ್ನು ಮಾಡಿಕೊಂಡವರು ನಾವು. ಮಸಿಗೆ ಆ ಗಡಿಗಳು ಗೊತ್ತಿಲ್ಲ.

ಇಲ್ಲಿ ಹೇಳಹೊರಟಿರುವುದು ಈ ಮೂರಕ್ಕೂ ಏಕಕಾಲಕ್ಕೆ ಒದಗುವ ಕೆಲಸಗಳನ್ನು. ಕೆಲಸಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಯಾರು ಯಾವ ಉಪಾಯ ಹೇಳಿದರೂ ಕೇಳಿ: ಇದರಿಂದ ಹೊಗೆ ಹುಟ್ಟುವುದು ನಿಲ್ಲುತ್ತದೆಯೇ, ಅಥವಾ ಹುಟ್ಟಿದ ಹೊಗೆ ಬೇರೆಡೆಗೆ ಹೋಗುತ್ತದೆಯೇ? ಹಳೆಯ ಸೌದೆ ಒಲೆಗೆ ಹೊಗೆಕೊಳವೆ ಹಾಕಿಸಿದರೆ ಅಡುಗೆ ಮಾಡುವವರ ಕಣ್ಣೀರು ಕಡಿಮೆಯಾಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಮಸಿ ಹುಟ್ಟಿದಷ್ಟೇ ಹುಟ್ಟುತ್ತಿದೆ; ಒಳಗಿದ್ದದ್ದು ಹೊರಗೆ ಹೋಯಿತು, ಪಕ್ಕದ ಮನೆಯ ಕಿಟಕಿಗೂ ಹೋಯಿತು. ಹೊಗೆಯ ವಿಳಾಸ ಬದಲಾಯಿತು, ಅಷ್ಟೆ.

ಮೊದಲು ಯಾರು ಯಾರೆಂದು ತಿಳಿದುಕೊಳ್ಳಿ

ಇಂಗಾಲದ ಡೈಆಕ್ಸೈಡ್ ಒಮ್ಮೆ ವಾತಾವರಣ ಸೇರಿದರೆ ಅದರ ಒಂದು ಭಾಗ ಶತಮಾನಗಳ ಕಾಲ ಅಲ್ಲೇ ಇರುತ್ತದೆ. ನಾವು ಮಾತಾಡುತ್ತಿರುವುದು ಅದಕ್ಕಿಂತ ಬಹಳ ಕಡಿಮೆ ಆಯುಷ್ಯದ ನಾಲ್ಕು ಮಾಲಿನ್ಯಗಳ ಬಗ್ಗೆ. ಕಪ್ಪು ಇಂಗಾಲ, ಅಂದರೆ ಮಸಿ, ಗಾಳಿಯಲ್ಲಿರುವುದು ಕೆಲವು ದಿನಗಳಿಂದ ಒಂದೆರಡು ವಾರ. ನೆಲಮಟ್ಟದ ಓಝೋನ್ ಕೆಲವು ಗಂಟೆಗಳಿಂದ ಕೆಲವು ವಾರ. ಮೀಥೇನ್ ಸುಮಾರು 12 ವರ್ಷ. ಫ್ರಿಜ್ ಮತ್ತು ಹವಾನಿಯಂತ್ರಕಗಳಲ್ಲಿರುವ ಎಚ್‌ಎಫ್‌ಸಿ ಅನಿಲಗಳಲ್ಲಿ ಬಳಕೆ ಹೆಚ್ಚಿರುವವು ಒಂದೆರಡು ದಶಕದವರೆಗೆ. ಆಯುಷ್ಯ ಕಡಿಮೆ ಎಂದರೆ ನಿಲ್ಲಿಸಿದ ಫಲವೂ ಬೇಗ ಕೈಗೆ ಬರುತ್ತದೆ. ಇಂದು ಮಸಿ ನಿಲ್ಲಿಸಿದರೆ ಮುಂದಿನ ತಿಂಗಳ ಗಾಳಿಯಲ್ಲೇ ವ್ಯತ್ಯಾಸ ಕಾಣುತ್ತದೆ.

ಈ ನಾಲ್ವರಲ್ಲಿ ಓಝೋನ್ ವಿಚಿತ್ರ. ಅದನ್ನು ಯಾರೂ ನೇರವಾಗಿ ಹೊರಬಿಡುವುದಿಲ್ಲ. ವಾಹನ, ಕಾರ್ಖಾನೆಗಳ ನೈಟ್ರೋಜನ್ ಆಕ್ಸೈಡ್, ಬಣ್ಣ ಮತ್ತು ಪೆಟ್ರೋಲಿನಿಂದ ಏಳುವ ಆವಿ, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಇವೆಲ್ಲ ಬಿಸಿಲಿನಲ್ಲಿ ಬೆಂದಾಗ ಅದು ಹುಟ್ಟುತ್ತದೆ. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಅದೇ ಓಝೋನ್ ಮೂಗಿನ ಮಟ್ಟದಲ್ಲಿ ವಿಷ. ಎಲೆಯ ಪತ್ರರಂಧ್ರಗಳ ಮೂಲಕ ಒಳನುಗ್ಗಿ ದ್ಯುತಿಸಂಶ್ಲೇಷಣೆಯ ಯಂತ್ರವನ್ನೇ ಕೆಡಿಸುತ್ತದೆ. ಗೋಧಿಗೂ ಸೋಯಾಬೀನಿಗೂ ಇದರ ಏಟು ಹೆಚ್ಚು. ನಗರದೊಳಗೆ ವಾಹನಗಳ ನೈಟ್ರಿಕ್ ಆಕ್ಸೈಡ್ ಒಂದಷ್ಟು ಓಝೋನನ್ನು ತಿಂದುಹಾಕುವುದರಿಂದ, ಅನೇಕ ಸಲ ಪೇಟೆಯ ನಡುವಿಗಿಂತ ಗಾಳಿ ಬೀಸುವ ದಿಕ್ಕಿನ ಹೊಲಗಳಲ್ಲೇ ಅದು ಜಾಸ್ತಿ. ಗಾಡಿ ಓಡಿಸಿದವರು ಒಂದು ಕಡೆ, ಇಳುವರಿ ಕಳೆದುಕೊಂಡವರು ಇನ್ನೊಂದು ಕಡೆ.

ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 20 ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಕಾವು ಹಿಡಿಯುತ್ತದೆ, ಮೇಲಾಗಿ ಓಝೋನಿಗೆ ಕಚ್ಚಾ ವಸ್ತು. ಮನುಷ್ಯರಿಂದ ಹೊರಬೀಳುವ ಮೀಥೇನಿನಲ್ಲಿ ಸುಮಾರು ಶೇ 40 ಬೇಸಾಯ ಮತ್ತು ಪಶುಸಾಕಣೆಯದು, ಶೇ 35 ಕಲ್ಲಿದ್ದಲು, ತೈಲ, ಅನಿಲದ್ದು, ಶೇ 20 ಕಸ ಮತ್ತು ಚರಂಡಿ ನೀರಿನದು. ವರ್ಷಕ್ಕೆ ಹತ್ತು ಲಕ್ಷ ಟನ್ ಮೀಥೇನ್ ತಗ್ಗಿಸಿದರೆ ಓಝೋನಿನಿಂದಾಗುವ ಸುಮಾರು 1,430 ಅಕಾಲ ಮರಣಗಳೂ 1,45,000 ಟನ್ ಬೆಳೆ ನಷ್ಟವೂ ತಪ್ಪುತ್ತವೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2021ರಲ್ಲಿ ಅಂದಾಜು ಮಾಡಿತು. ಅದಕ್ಕೂ ಹಿಂದೆ, 2011ರಲ್ಲಿ, ಅದೇ ಸಂಸ್ಥೆ ವಿಶ್ವ ಹವಾಮಾನ ಸಂಸ್ಥೆಯ ಜೊತೆ ಸೇರಿ ಮಸಿ ಮತ್ತು ಮೀಥೇನ್ ತಗ್ಗಿಸುವ 16 ಕ್ರಮಗಳನ್ನು ಆಯ್ದುಕೊಟ್ಟಿತ್ತು. ಒಲೆ, ಇಟ್ಟಿಗೆ ಗೂಡು, ಡೀಸೆಲ್ ಎಂಜಿನ್, ಕೂಳೆ ಸುಡುವುದು, ಭತ್ತದ ಗದ್ದೆ, ಕಸದ ಗುಡ್ಡೆ, ಎಲ್ಲವೂ ನಮಗೆ ಪರಿಚಿತವೇ. ಇವನ್ನೆಲ್ಲ ಜಾರಿ ಮಾಡಿದರೆ 2050ರ ಹೊತ್ತಿಗೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ತಾಪ ಏರಿಕೆ ತಪ್ಪುತ್ತದೆ, ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಫಸಲು ಉಳಿಯುತ್ತದೆ ಎಂಬುದು ಆಗಿನ ಲೆಕ್ಕ.

ಒಂದು ಎಚ್ಚರಿಕೆ. ಇದು ಇಂಗಾಲದ ಡೈಆಕ್ಸೈಡ್ ತಗ್ಗಿಸುವ ಕೆಲಸಕ್ಕೆ ಬದಲಿ ಅಲ್ಲ. ಅದರ ಸಾಲ ಅದರದೇ, ಅದನ್ನೂ ತೀರಿಸಬೇಕು.

ಒಂದು ವಾರದ ಲೆಕ್ಕ ಬರೆಯಿರಿ

ಒಂದು ನೋಟ್‌ಪುಸ್ತಕ ತೆಗೆದುಕೊಂಡು ಏಳು ದಿನ ಬರೆಯಿರಿ: ಏನು ಉರಿಸಿದಿರಿ, ಏನು ಕೊಳೆಯಲು ಬಿಟ್ಟಿರಿ, ಯಾವುದರಲ್ಲಿ ಅನಿಲ ತುಂಬಿಸಿದಿರಿ. ಸೌದೆ, ಸೀಮೆಎಣ್ಣೆ, ಡೀಸೆಲ್, ಕಸ, ಸಗಣಿ, ಹಸಿ ತ್ಯಾಜ್ಯ ಎಲ್ಲವೂ ಅದರಲ್ಲಿ ಬರಲಿ. ಹೊಲವಿದ್ದರೆ ಒಂದು ವಾರ ಸಾಲದು, ಒಂದು ಬೆಳೆಯ ಅವಧಿಯ ಲೆಕ್ಕ ಬೇಕು. ಬರೆದು ಮುಗಿಸಿದಾಗ ಒಂದೆರಡು ಸಾಲುಗಳು ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದಾಗಿರುತ್ತವೆ. ಶುರು ಮಾಡಬೇಕಾದದ್ದು ಅಲ್ಲಿಂದ. ನನ್ನ ಲೆಕ್ಕದಲ್ಲಿ ನಾನು ಎಣಿಸಿದ್ದಂತೆ ವಾಹನ ಮೊದಲು ಬರಲಿಲ್ಲ. ಹಸಿ ಕಸ ಬಂದಿತು. ಸ್ವಲ್ಪ ನಾಚಿಕೆಯೇ ಆಯಿತು.

ಎದೆಯ ಆಳಕ್ಕಿಳಿಯುವ ಅತಿ ಸಣ್ಣ ಕಣಗಳನ್ನು, ಅಂದರೆ ಪಿಎಂ 2.5 ಅನ್ನು, ಅಳೆಯುವ ಅಗ್ಗದ ಮಾಪಕ ಸಿಕ್ಕರೆ ಒಳ್ಳೆಯದು, ಆದರೆ ಅದರ ಸಂಖ್ಯೆಯನ್ನು ದೇವವಾಕ್ಯ ಎಂದುಕೊಳ್ಳಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದಾಗ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಮಾಪಕ ಇಲ್ಲದ ಮಾಲಿನ್ಯವನ್ನೂ ತೋರಿಸುತ್ತದೆ. ಹೋಲಿಕೆಗೆ ಮಾತ್ರ ಬಳಸಿ: ಒಲೆ ಹಚ್ಚುವ ಮೊದಲು ಎಷ್ಟು, ಹಚ್ಚಿದ ಮೇಲೆ ಎಷ್ಟು, ಕಿಟಕಿ ತೆರೆದಾಗ ಎಷ್ಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಪಿಎಂ 2.5ರ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು. ಅದಕ್ಕೂ ಹಿಂದಿನ ಮಿತಿ 10 ಇತ್ತು. ಹೊಗೆ ಕವಿದ ಅಡುಗೆ ಮನೆಯಲ್ಲಿ ಮಾಪಕ ನೂರುಗಳಲ್ಲಿ ಮಾತಾಡುವುದನ್ನು ನೋಡಿದವರಿಗೆ ಆ 5 ಎಂಬ ಅಂಕಿ ಬೇರೆ ಲೋಕದ್ದೆನಿಸುತ್ತದೆ.

ಬತ್ತಿ ದೀಪ ಮೊದಲು, ಒಲೆ ಆಮೇಲೆ

ಸೀಮೆಎಣ್ಣೆಯ ಬುಡ್ಡಿ ದೀಪ ಇನ್ನೂ ಬಳಕೆಯಲ್ಲಿದ್ದರೆ ಬೇರೆ ಯಾವ ಕೆಲಸಕ್ಕೂ ಮೊದಲು ಅದನ್ನು ತೆಗೆಯಿರಿ. ಅಷ್ಟು ಪುಟ್ಟ ಜ್ವಾಲೆ ಏನು ಮಾಡೀತು ಎನಿಸುತ್ತದೆ. ಆದರೆ ಗಾಜಿನ ಚಿಮಣಿ ಇಲ್ಲದ ಸಾದಾ ಬತ್ತಿ ದೀಪದಲ್ಲಿ ಉರಿಯುವ ಸೀಮೆಎಣ್ಣೆಯ ತೂಕದಲ್ಲಿ ಶೇ 7ರಿಂದ 9ರಷ್ಟು ಬಹುತೇಕ ಶುದ್ಧ ಕಪ್ಪು ಇಂಗಾಲವಾಗಿ ಹೊರಬರುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಅಲ್ಲಿಯವರೆಗೆ ತಜ್ಞರೇ ಅದನ್ನು ಹತ್ತು ಪಟ್ಟಿಗೂ ಕಡಿಮೆ ಅಂದಾಜು ಮಾಡಿದ್ದರು. ಆ ದೀಪದ ಬುಡದಲ್ಲಿ ಪುಸ್ತಕ ಹಿಡಿದು ಕೂತ ಮಗುವಿನ ಮೂಗಿಗೂ ಜ್ವಾಲೆಗೂ ಒಂದು ಮೊಳ ಅಂತರ. ಸಣ್ಣ ಸೌರ ದೀಪವೊಂದು ಈ ಕೆಲಸವನ್ನು ಪೂರಾ ಮುಗಿಸುತ್ತದೆ. ಹೊಗೆ ಹುಟ್ಟುವುದೇ ಇಲ್ಲ. ಈ ಪಟ್ಟಿಯಲ್ಲಿ ಇಷ್ಟು ಸುಲಭದ ಗೆಲುವು ಇನ್ನೊಂದಿಲ್ಲ.

ಒಲೆಯ ವಿಷಯ ಅಷ್ಟು ಸರಳವಲ್ಲ. ಜಗತ್ತಿನಲ್ಲಿ ಇಂದಿಗೂ 200 ಕೋಟಿಗೂ ಹೆಚ್ಚು ಜನ ಸೌದೆ, ಸಗಣಿ, ಇದ್ದಿಲು, ಸೀಮೆಎಣ್ಣೆಯ ಮೇಲೆ ಅಡುಗೆ ಮಾಡುತ್ತಾರೆ. ಮನೆಯೊಳಗಿನ ಈ ಹೊಗೆಯಿಂದ ವರ್ಷಕ್ಕೆ ಸುಮಾರು 32 ಲಕ್ಷ ಜನ ಅಕಾಲಿಕವಾಗಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು. ಅನಿಲ, ವಿದ್ಯುತ್, ಜೈವಿಕ ಅನಿಲ, ಯಾವುದು ನಿಮಗೆ ನಂಬಿಕೆಯಿಂದ ಸಿಗುತ್ತದೋ ಅದಕ್ಕೆ ಬದಲಾಯಿಸಿ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಹೊಸ ಒಲೆ ಬರುತ್ತದೆ, ಹಳೆಯದು ಹೋಗುವುದಿಲ್ಲ. ನೀರು ಕಾಯಿಸಲು, ದೊಡ್ಡ ಪಾತ್ರೆಯ ಅಡುಗೆಗೆ, ದನದ ಮೇವು ಬೇಯಿಸಲು ಹಳೆಯ ಒಲೆ ಹಿತ್ತಲಲ್ಲಿ ಉರಿಯುತ್ತಲೇ ಇರುತ್ತದೆ. ಹೊಗೆ ಅರ್ಧವಾದರೆ ರೋಗವೂ ಅರ್ಧವಾಗುತ್ತದೆ ಎಂದುಕೊಳ್ಳಬೇಡಿ. ಹೊಗೆ ದಟ್ಟವಾಗಿರುವ ಕಡೆ ಅರ್ಧ ಕಡಿಮೆಯಾದರೂ ದೇಹಕ್ಕೆ ಸಿಗುವ ಬಿಡುಗಡೆ ಅಲ್ಪವೇ. ಹೆಚ್ಚಿನ ಲಾಭ ಕೊನೆಯ ಪಾಲನ್ನು ತೆಗೆದಾಗ ಬರುತ್ತದೆ. ಆದ್ದರಿಂದ ಹೊಸ ಒಲೆ ಕೊಳ್ಳುವ ದಿನವೇ ಕೇಳಿಕೊಳ್ಳಿ: ಹಳೆಯ ಒಲೆ ಮಾಡುತ್ತಿದ್ದ ಕೆಲಸಗಳು ಯಾವುವು, ಪ್ರತಿಯೊಂದನ್ನೂ ಇನ್ನು ಯಾವುದು ಮಾಡುತ್ತದೆ? ಸ್ನಾನದ ನೀರಿಗೆ ಉತ್ತರ ಸಿಗದಿದ್ದರೆ ಹಳೆಯ ಒಲೆ ಎಲ್ಲಿಗೂ ಹೋಗುವುದಿಲ್ಲ.

ಸೌದೆ ಬಿಟ್ಟರೆ ಗತಿಯಿಲ್ಲ ಎನ್ನುವವರಿಗೆ ಎರಡು ಮಾತು. ಮೊದಲನೆಯದು, ಒಣ ಸೌದೆ. ಸೀಳಿ, ನೆಲಕ್ಕೆ ತಾಗದಂತೆ, ಮೇಲೆ ಮಾತ್ರ ಮರೆ ಇಟ್ಟು, ಬದಿಗಳಲ್ಲಿ ಗಾಳಿಯಾಡುವಂತೆ ಒಟ್ಟಿ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಠಣ್ ಎಂದರೆ ಒಣಗಿದೆ. ದಬ್ ಎಂದರೆ ಇನ್ನೂ ಹಸಿ. ಹಸಿ ಸೌದೆಯ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಉರಿಯಬೇಕಾದ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಎರಡನೆಯದು, ಬೆಂಕಿ ಹಚ್ಚುವ ರೀತಿ. ಅಡುಗೆ ಒಲೆಯಲ್ಲಿ ಸೌದೆಯನ್ನು ತುರುಕಬೇಡಿ. ತುದಿ ಮಾತ್ರ ಉರಿಯುವಂತೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ. ಚಳಿ ಕಾಯಿಸುವ ಮುಚ್ಚಿದ ಒಲೆಯಾದರೆ ವಾಡಿಕೆಯನ್ನು ತಲೆಕೆಳಗು ಮಾಡಿ: ದಪ್ಪ ತುಂಡು ಕೆಳಗೆ, ಸಣ್ಣವು ಮೇಲೆ, ಚಕ್ಕೆ ಎಲ್ಲಕ್ಕಿಂತ ಮೇಲೆ, ಬೆಂಕಿ ಹಚ್ಚುವುದು ಮೇಲಿನಿಂದ. ಕೆಳಗಿನ ಸೌದೆ ಕಾದಾಗ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ಹಾದೇ ಹೋಗಬೇಕು. ಹಾದುಹೋಗುವಾಗ ಅಲ್ಲೇ ಉರಿದುಹೋಗುತ್ತದೆ.

ಹೊಲದಲ್ಲಿ: ಬೆಂಕಿ ಬೇಡ, ನಿಂತ ನೀರು ಸದಾ ಬೇಡ

ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ ಇಡುವವರು ಸೋಮಾರಿಗಳಲ್ಲ. ಮುಂದಿನ ಬಿತ್ತನೆಗೆ ದಿನಗಳು ಬೆರಳೆಣಿಕೆಯಷ್ಟು, ಆಳು ಸಿಗುವುದಿಲ್ಲ, ಕಡ್ಡಿಯ ಬೆಲೆಗಿಂತ ಸಾಗಿಸುವ ಖರ್ಚೇ ಹೆಚ್ಚು. ಇದನ್ನು ಒಪ್ಪಿಕೊಳ್ಳದೆ ಬರೀ ದಂಡ ಹಾಕಿದರೆ ಬೆಂಕಿ ಹಗಲಿನಿಂದ ರಾತ್ರಿಗೆ ಹೋಗುತ್ತದೆ. ಬೆಂಕಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು: ಹುಲ್ಲಿನಲ್ಲಿದ್ದ ಸಾರಜನಕದ ಬಹುಪಾಲು ಗಾಳಿಗೆ ಹಾರುತ್ತದೆ, ಮಣ್ಣಿಗೆ ಸೇರಬೇಕಿದ್ದ ಇಂಗಾಲ ಹೊಗೆಯಾಗುತ್ತದೆ, ಮೇಲ್ಮಣ್ಣಿನ ಜೀವಾಣು ಸಾಯುತ್ತದೆ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಂಡು ತರುತ್ತೇವೆ.

ಬದಲಿ ದಾರಿಯನ್ನು ಕೊಯ್ಲಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ, ಕೊಯ್ಲಾದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ. ಕೊಯ್ಲು ಯಂತ್ರಕ್ಕೆ ಹುಲ್ಲನ್ನು ಕತ್ತರಿಸಿ ಸಮನಾಗಿ ಹರಡುವ ಸಾಧನ ಇದೆಯೇ ಕೇಳಿ. ಸಾಲುಸಾಲಾಗಿ ರಾಶಿ ಬಿದ್ದರೆ ಮುಂದಿನ ಬಿತ್ತನೆ ಯಂತ್ರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೂಳೆಯ ನಡುವೆಯೇ ಬೀಜ ಇಳಿಸುವ ಕೂರಿಗೆಗಳು ಬಂದಿವೆ. ಒಬ್ಬೊಬ್ಬರು ಕೊಳ್ಳುವುದಕ್ಕಿಂತ ಗುಂಪಾಗಿ ಬಾಡಿಗೆಗೆ ತರುವುದು ಬುದ್ಧಿವಂತಿಕೆ. ಮೇಲೆ ಉಳಿದ ಹುಲ್ಲು ಮುಚ್ಚಿಗೆಯಾಗಿ ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ. ಮೇವು, ಅಣಬೆ ಬೇಸಾಯ, ಕಾಂಪೋಸ್ಟ್, ಕಟ್ಟು ಕಟ್ಟಿ ಮಾರುವುದು ಇವೆಲ್ಲ ನಿಮ್ಮ ಸುತ್ತ ಕೊಳ್ಳುವವರಿದ್ದರೆ ಮಾತ್ರ. ಒಂದನ್ನು ಮಾತ್ರ ಮಾಡಬೇಡಿ: ಹಸಿ ಹುಲ್ಲನ್ನು ನೀರು ನಿಂತ ಭತ್ತದ ಗದ್ದೆಗೆ ತುಳಿದು ಕೂಡಲೇ ನಾಟಿ ಮಾಡುವುದು. ಹೊಗೆ ತಪ್ಪುತ್ತದೆ, ಆದರೆ ಅದೇ ಹುಲ್ಲು ಕೆಸರಿನಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಜೇಬಿನಲ್ಲಿಟ್ಟುಕೊಂಡ ಪ್ರಶ್ನೆಯನ್ನು ಇಲ್ಲಿ ಹೊರತೆಗೆಯಿರಿ. ಹುಲ್ಲನ್ನು ಒಣ ಮಣ್ಣಿಗೆ ಸೇರಿಸಿ, ನೀರು ಕಟ್ಟುವುದಕ್ಕೆ ಕೆಲವು ವಾರ ಮೊದಲೇ ಕೊಳೆಯಲು ಬಿಡಿ.

ಭತ್ತದ ಗದ್ದೆಯ ಮೀಥೇನ್ ಇಳಿಸಲು ಹಸಿ-ಒಣ ಸರದಿ ನೀರಾವರಿಯಷ್ಟು ಪರೀಕ್ಷೆಗೊಳಗಾದ ವಿಧಾನ ಬೇರೆ ಇಲ್ಲ. ಇದನ್ನು ರೂಪಿಸಿ ಹರಡಿದ್ದರಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪಾತ್ರ ದೊಡ್ಡದು. ಬೇಕಾದದ್ದು ಒಂದು ತುಂಡು ಕೊಳವೆ.

ಸುಮಾರು 30 ಸೆಂಟಿಮೀಟರ್ ಉದ್ದ, 10ರಿಂದ 15 ಸೆಂಟಿಮೀಟರ್ ಅಗಲದ ಪಿವಿಸಿ ಕೊಳವೆ ತೆಗೆದುಕೊಳ್ಳಿ. ಬಿದಿರಾದರೂ ಆದೀತು. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಬದುವಿನ ಹತ್ತಿರ, ಆದರೆ ಬದುವಿಗೆ ತೀರ ಅಂಟಿಕೊಳ್ಳದಂತೆ, ಗದ್ದೆಯ ಸರಾಸರಿ ಮಟ್ಟ ಇರುವ ಜಾಗದಲ್ಲಿ ತೂತಿನ ಭಾಗ ಮಣ್ಣಿನೊಳಗೆ, 15 ಸೆಂಟಿಮೀಟರ್ ಹೊರಗೆ ಇರುವಂತೆ ಹೂಳಿ. ಒಳಗಿನ ಮಣ್ಣನ್ನು ತೆಗೆಯಿರಿ, ತಳ ಕಾಣಬೇಕು. ನೀರು ಕಟ್ಟಿದಾಗ ಕೊಳವೆಯ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿದ್ದರೆ ಸರಿಯಾಗಿದೆ. ಇಲ್ಲದಿದ್ದರೆ ತೂತುಗಳು ಕೆಸರಿನಿಂದ ಮುಚ್ಚಿವೆ, ಕಿತ್ತು ತೊಳೆದು ಮತ್ತೆ ಹೂಳಿ.

ನಾಟಿಯಾಗಿ ಒಂದೆರಡು ವಾರದ ನಂತರ ಸರದಿ ಶುರು ಮಾಡಿ. ಕಳೆ ಹೆಚ್ಚಿದ್ದರೆ ಇನ್ನೂ ಸ್ವಲ್ಪ ತಡೆಯಿರಿ, ನೀರು ಕಳೆಯನ್ನು ಅದುಮಿಡುತ್ತದೆ. ನೀರು ಕಟ್ಟುವುದನ್ನು ನಿಲ್ಲಿಸಿ. ನೆಲದ ಮೇಲಿನ ನೀರು ಇಂಗುತ್ತದೆ, ಮಣ್ಣು ಕಾಣುತ್ತದೆ, ಸಣ್ಣ ಬಿರುಕೂ ಬಿಡಬಹುದು. ಆಗ ಎದೆ ಡವಗುಟ್ಟುತ್ತದೆ, ಪಕ್ಕದ ಗದ್ದೆಯವರು ಬಂದು ಬುದ್ಧಿ ಹೇಳುತ್ತಾರೆ. ಕೊಳವೆಯೊಳಗೆ ಕಡ್ಡಿ ಇಳಿಸಿ ನೋಡಿ. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿಯುವ ತನಕ ಬೇರಿಗೆ ನೀರು ಸಿಗುತ್ತಲೇ ಇರುತ್ತದೆ. ಆ ಮಟ್ಟ ಮುಟ್ಟಿದಾಗ ಮತ್ತೆ 5 ಸೆಂಟಿಮೀಟರ್ ನೀರು ಕಟ್ಟಿ. ಹೂವಾಗುವುದಕ್ಕೆ ಒಂದು ವಾರ ಮೊದಲಿನಿಂದ ಹೂ ಮುಗಿದ ಒಂದು ವಾರದವರೆಗೆ ಮಾತ್ರ ಗದ್ದೆ ಒಣಗಲು ಬಿಡಬೇಡಿ. ಆಗ ನೀರಿಗೆ ಕೊರತೆಯಾದರೆ ಜೊಳ್ಳು ಹೆಚ್ಚುತ್ತದೆ. ಇದಿಷ್ಟನ್ನು ಪಾಲಿಸಿದರೆ ಇಳುವರಿ ಕುಸಿಯದೆ ನೀರಿನಲ್ಲಿ ಶೇ 30ರವರೆಗೆ ಉಳಿತಾಯ, ಮೀಥೇನಿನಲ್ಲಿ ಸುಮಾರು ಅರ್ಧದಷ್ಟು ಇಳಿಕೆ ಕಂಡುಬಂದಿದೆ. ಮಣ್ಣಿಗೆ ಗಾಳಿ ಹೊಕ್ಕಾಗ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುತ್ತದೆ, ಗುಟ್ಟು ಇಷ್ಟೇ.

ಎರಡು ಅಡ್ಡಿ ಹೇಳಲೇಬೇಕು. ಗದ್ದೆ ಮಟ್ಟವಾಗಿಲ್ಲದಿದ್ದರೆ ಒಂದು ಮೂಲೆ ಮುಳುಗಿ ಇನ್ನೊಂದು ಮೂಲೆ ಒಣಗುತ್ತದೆ, ಕೊಳವೆ ಸುಳ್ಳು ಹೇಳುತ್ತದೆ. ಮೊದಲು ಮಟ್ಟ ಮಾಡಿಸಿ. ಎರಡನೆಯದು ನೈಟ್ರಸ್ ಆಕ್ಸೈಡ್, ಅದೂ ಭೂಮಿಯನ್ನು ಕಾಯಿಸುವ ಅನಿಲವೇ. ಒಣಗಿ ನೆನೆಯುವ ಮಣ್ಣಿನಲ್ಲಿ ಇದು ಸ್ವಲ್ಪ ಹೆಚ್ಚಬಹುದು, ಅದರಲ್ಲೂ ಯೂರಿಯಾ ಅತಿಯಾಗಿ ಸುರಿದಿದ್ದರೆ. ಗೊಬ್ಬರವನ್ನು ಬೆಳೆ ಕೇಳುವಷ್ಟೇ, ಕಂತುಗಳಲ್ಲಿ, ಸಾಧ್ಯವಾದರೆ ಮಣ್ಣಿನೊಳಗೆ ಇಳಿಯುವಂತೆ ಕೊಡಿ. ಮೇಲೆ ಎರಚಿದ ಯೂರಿಯಾದಿಂದ ಏಳುವ ಅಮೋನಿಯಾ ಗಾಳಿಯಲ್ಲಿ ಇತರ ಅನಿಲಗಳ ಜೊತೆ ಸೇರಿ ಸೂಕ್ಷ್ಮ ಕಣಗಳಾಗುತ್ತದೆ. ಹೊಲದ ಗೊಬ್ಬರ ಊರಿನ ಮಬ್ಬಾಗುವುದು ಹೀಗೆ.

ಎಲೆಯನ್ನು ಓದಿ

ಓಝೋನ್ ಬೆಳೆಗೆ ಹೊಡೆದಿದೆಯೇ ಎಂದು ತಿಳಿಯಲು ಬಿಸಿಲು ಜೋರಾಗಿದ್ದು ಗಾಳಿ ಬೀಸದ ಕೆಲವು ದಿನಗಳ ನಂತರ ಎಲೆ ನೋಡಿ. ಹಳೆಯ ಎಲೆಗಳ ಮೇಲ್ಮೈಯಲ್ಲಿ, ನರಗಳ ನಡುವೆ ಮಾತ್ರ, ಸೂಜಿಮೊನೆಯಷ್ಟು ಕಂದು, ನೇರಳೆ ಅಥವಾ ಬಿಳಿಚು ಚುಕ್ಕಿಗಳು ಎರಚಿದಂತೆ ಇರುತ್ತವೆ. ನರಗಳು ಹಸಿರಾಗಿಯೇ ಉಳಿಯುತ್ತವೆ. ಎಲೆ ತಿರುಗಿಸಿ: ಅಡಿಯಲ್ಲಿ ನುಸಿ, ಸಣ್ಣ ಬಲೆ ಕಂಡರೆ ಅದು ಓಝೋನ್ ಅಲ್ಲ. ಕೀಟ, ರೋಗ, ಪೋಷಕಾಂಶ ಕೊರತೆ ಯಾವುದೂ ಅಲ್ಲವೆಂದು ಖಚಿತವಾಗುವವರೆಗೆ ಔಷಧಿ ಸಿಂಪಡಿಸಬೇಡಿ. ಓಝೋನಿಗೆ ಸಿಂಪಡಣೆಯಿಂದ ಪರಿಹಾರವಿಲ್ಲ. ಹಾಗೆಂದು ಚುಕ್ಕಿ ಕಾಣದಿದ್ದರೆ ನಷ್ಟವಿಲ್ಲ ಎಂದೂ ಅಲ್ಲ, ಅನೇಕ ಬೆಳೆಗಳಲ್ಲಿ ಯಾವ ಗುರುತೂ ಇಲ್ಲದೆ ಕಾಳಿನ ತೂಕ ಇಳಿಯುತ್ತದೆ. ಮನುಷ್ಯರಿಗೂ ಇದೇ ಲೆಕ್ಕ: ಓಝೋನ್ ಏರುವುದು ಮಧ್ಯಾಹ್ನದಿಂದ ಸಂಜೆಯ ತನಕ, ಆದ್ದರಿಂದ ಅಸ್ತಮಾ ಇರುವವರು ಮತ್ತು ಮಕ್ಕಳು ದಣಿಯುವ ಕೆಲಸ, ಆಟಗಳನ್ನು ಬೆಳಗಿಗೆ ಸರಿಸಿಕೊಳ್ಳಲಿ.

ಕೊಟ್ಟಿಗೆ ಮತ್ತು ಹಸಿ ಕಸ

ದನ, ಕುರಿ, ಆಡುಗಳು ಮೆಲುಕು ಹಾಕುವಾಗ ಬರುವ ಮೀಥೇನನ್ನು ಪೂರಾ ನಿಲ್ಲಿಸಲಾಗದು. ಒಳ್ಳೆಯ ಮೇವು, ರೋಗವಿಲ್ಲದ ಮೈ, ಸಕಾಲದ ಗರ್ಭಧಾರಣೆ ಇವುಗಳಿಂದ ಒಂದು ಲೀಟರ್ ಹಾಲಿಗೆ ಬೀಳುವ ಮೀಥೇನಿನ ಪಾಲು ಇಳಿಯುತ್ತದೆ. ನಿಮ್ಮ ಕೈಯಲ್ಲಿ ಪೂರ್ತಿ ಇರುವುದು ಸಗಣಿ. ನೀರು ಬೆರೆತು ಗುಂಡಿಯಲ್ಲಿ ತಿಂಗಳುಗಟ್ಟಲೆ ನಿಂತ ರಾಡಿ ಮೀಥೇನ್ ಕಾರ್ಖಾನೆ. ಒಂದೋ ಒಣಗಿಸಿ ಗಾಳಿಯಾಡುವ ಕಾಂಪೋಸ್ಟ್ ಮಾಡಿ, ಇಲ್ಲವೇ ಪೂರ್ತಿ ಮುಚ್ಚಿದ ಜೈವಿಕ ಅನಿಲ ಸ್ಥಾವರಕ್ಕೆ ಹಾಕಿ ಅನಿಲವನ್ನು ಒಲೆಯಲ್ಲಿ ಉರಿಸಿ. ಎರಡನೆಯದು ಮೂರು ಲಾಭವನ್ನೂ ಕೊಡುತ್ತದೆ: ಮೀಥೇನ್ ಉರಿದುಹೋಯಿತು, ಸೌದೆ ಹೊಗೆ ತಪ್ಪಿತು, ಬಗ್ಗಡ ಹೊಲಕ್ಕೆ ಬಂತು. ಆದರೆ ಸೋರುವ ಸ್ಥಾವರ ಇಲ್ಲದಿರುವುದೇ ವಾಸಿ. ತಿಂಗಳಿಗೊಮ್ಮೆ ಸಾಬೂನಿನ ನೊರೆಯನ್ನು ಕೊಳವೆಯ ಕೀಲುಗಳಿಗೆ ಹಚ್ಚಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಬೇಡ.

ಹಸಿ ಕಸದ ವಿಷಯದಲ್ಲಿ ನನ್ನದೇ ಒಂದು ಎಡವಟ್ಟು ಇದೆ. ಮೊದಲ ಸಲ ಕಾಂಪೋಸ್ಟ್ ಮಾಡಲು ಹೊರಟಾಗ ವಾಸನೆ ಬರಬಾರದೆಂದು ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ಹಸಿ ಕಸವನ್ನಷ್ಟೇ ತುಂಬಿಸುತ್ತ ಹೋದೆ. ಮೂರು ವಾರದ ನಂತರ ಮುಚ್ಚಳ ತೆರೆದಾಗ ಮನೆಯವರೆಲ್ಲ ಹೊರಗೆ ಓಡಿದರು. ನಾನು ಮಾಡಿದ್ದು ಕಾಂಪೋಸ್ಟ್ ಅಲ್ಲ, ಕಸದ ಗುಡ್ಡೆಯ ಪುಟ್ಟ ಪ್ರತಿ: ಗಾಳಿಯಿಲ್ಲದ ಕೊಳೆತ. ಸರಿಯಾದ ಕ್ರಮ ಹೀಗೆ. ಒಂದು ಪಾಲು ಹಸಿ ಕಸಕ್ಕೆ ಅಳತೆಯಲ್ಲಿ ಎರಡು ಮೂರು ಪಾಲು ಒಣ ಎಲೆ ಅಥವಾ ಮರದ ಹೊಟ್ಟು. ಡ್ರಮ್ಮಿಗೆ ಸುತ್ತಲೂ ತೂತು. ವಾರಕ್ಕೊಮ್ಮೆ ಮಗುಚುವುದು. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೆದ್ದಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಣ ಎಲೆ ಸೇರಿಸಿ ಮಗುಚಿ. ಒಣ ಕಸಕ್ಕೆ, ಅದರಲ್ಲೂ ಪ್ಲಾಸ್ಟಿಕ್ಕಿಗೆ, ಬೆಂಕಿ ಇಡಬೇಡಿ. ಈ ಒಂದು ಮಾತಿಗೆ ವಿವರಣೆ ಬೇಕಿಲ್ಲ.

ಎಂಜಿನ್ ಮತ್ತು ತಂಪು ಯಂತ್ರ

ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿದೆ. ಹೊಸ ವಾಹನಗಳ ಕಣ ಶೋಧಕ, ಗಂಧಕ ಅತಿ ಕಡಿಮೆ ಇರುವ ಡೀಸೆಲ್ ಜೊತೆ, ಮಸಿಯ ಶೇ 90ಕ್ಕೂ ಹೆಚ್ಚನ್ನು ಹಿಡಿಯುತ್ತದೆ. ಮೈಲೇಜ್ ಹೆಚ್ಚುತ್ತದೆ ಎಂದು ಅದನ್ನು ಕಿತ್ತುಹಾಕುವ ಮೆಕ್ಯಾನಿಕ್‌ಗಳಿದ್ದಾರೆ, ಒಪ್ಪಬೇಡಿ. ಪಂಪ್‌ಸೆಟ್ಟು, ಜನರೇಟರುಗಳನ್ನು ಸೌರ ಇಲ್ಲವೇ ವಿದ್ಯುತ್ತಿಗೆ ಬದಲಾಯಿಸಿ. ನಿಂತ ಗಾಡಿಯ ಎಂಜಿನ್ ಆರಿಸಿ.

ತಂಪು ಯಂತ್ರದ ಕಥೆ ಬೇರೆ. ಹವಾನಿಯಂತ್ರಕಗಳಲ್ಲಿರುವ ಆರ್-410ಎ ಎಂಬ ಎಚ್‌ಎಫ್‌ಸಿ ಅನಿಲ ಒಂದು ಕಿಲೋ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. 2016ರ ಕಿಗಾಲಿ ತಿದ್ದುಪಡಿಯ ಮೂಲಕ ಜಗತ್ತಿನ ದೇಶಗಳು ಈ ಜಾತಿಯ ಅನಿಲಗಳನ್ನು ಹಂತಹಂತವಾಗಿ ಇಳಿಸಲು ಒಪ್ಪಿವೆ. ಇದು ಎದೆಗಾಗಲಿ ಎಲೆಗಾಗಲಿ ನೇರವಾಗಿ ತಾಗುವ ಮಾಲಿನ್ಯವಲ್ಲ, ಲಾಭ ಮುಖ್ಯವಾಗಿ ಹವಾಮಾನಕ್ಕೆ. ನೀವು ಮಾಡಬೇಕಾದದ್ದು ಮೂರು. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾಗುತ್ತಿದ್ದರೆ ಅದು ನಿರ್ವಹಣೆಯಲ್ಲ, ಸೋರಿಕೆ. ತುಂಬಿಸುವ ಮೊದಲು ಸೋರುವ ಜಾಗ ಹುಡುಕಿ ಬೆಸೆಯಲು ಪಟ್ಟು ಹಿಡಿಯಿರಿ. ಹಳೆಯ ಯಂತ್ರ ಬಿಚ್ಚುವಾಗ ಅನಿಲವನ್ನು ಸಿಲಿಂಡರಿಗೆ ಹಿಂತೆಗೆಯುವವರಿಗೇ ಕೆಲಸ ಕೊಡಿ. ಹೊಸದು ಕೊಳ್ಳುವಾಗ ಆರ್-290 ಅಥವಾ ಆರ್-600ಎಯಂತಹ, ಸೋರಿದರೂ ಭೂಮಿಯನ್ನು ಕಡಿಮೆ ಕಾಯಿಸುವ ಅನಿಲ ಕೇಳಿ. ಇವು ಹೊತ್ತಿಕೊಳ್ಳುವ ಅನಿಲಗಳು, ಹಳೆಯ ಯಂತ್ರಕ್ಕೆ ತುಂಬಿಸುವಂತಿಲ್ಲ.

ಒಬ್ಬರಿಂದ ಆಗದ್ದು

ಕಸದ ಗುಡ್ಡೆ, ಅನಿಲ ಕೊಳವೆ, ಇಟ್ಟಿಗೆ ಗೂಡು ಇವುಗಳಿಗೆ ಆಡಳಿತವನ್ನೇ ಕೇಳಬೇಕು. ಮಾಲಿನ್ಯ ತಡೆಯಿರಿ ಎಂಬ ಸಾಮಾನ್ಯ ಮನವಿ ಕಡತ ಸೇರುತ್ತದೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ. ಹಸಿ ಕಸ ಯಾವ ದಿನಾಂಕದಿಂದ ಬೇರೆಯಾಗಿ ಸಂಗ್ರಹವಾಗುತ್ತದೆ? ಹಳೆಯ ಗುಡ್ಡೆಯ ಅನಿಲ ಹಿಡಿಯುವ ವ್ಯವಸ್ಥೆ ಇದೆಯೇ? ಇಟ್ಟಿಗೆ ಗೂಡುಗಳು ಜಿಗ್‌ಜ್ಯಾಗ್ ಜೋಡಣೆಗೆ ಬದಲಾಗಿವೆಯೇ? ಇಟ್ಟಿಗೆಗಳನ್ನು ಅಂಕುಡೊಂಕಾಗಿ ಜೋಡಿಸಿ ಗಾಳಿಯನ್ನು ಸುತ್ತಿಸಿದರೆ ಕಲ್ಲಿದ್ದಲೂ ಉಳಿಯುತ್ತದೆ, ಮಸಿಯೂ ಇಳಿಯುತ್ತದೆ, ಮಾಲೀಕರಿಗೂ ನಷ್ಟವಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಜಾಗತಿಕ ಮೀಥೇನ್ ಪ್ರತಿಜ್ಞೆ 2030ರೊಳಗೆ 2020ರ ಮಟ್ಟಕ್ಕಿಂತ ಶೇ 30ರಷ್ಟು ಇಳಿಕೆಯ ಗುರಿ ಇಟ್ಟುಕೊಂಡಿದೆ. ನಿಮ್ಮ ದೇಶ ಸಹಿ ಹಾಕಿದ್ದರೆ ಆ ಮಾತನ್ನು ನೆನಪಿಸಿ.

ಸಭೆಯಲ್ಲಿ ಯಾರಾದರೂ ಬುದ್ಧಿವಂತರು ಎದ್ದು, ಕಲ್ಲಿದ್ದಲು, ಡೀಸೆಲ್ ಹೊಗೆಯಲ್ಲಿರುವ ಗಂಧಕದಿಂದಾಗುವ ಕಣಗಳು ಬಿಸಿಲನ್ನು ಹಿಂದಕ್ಕೆ ಎಸೆದು ಭೂಮಿಯನ್ನು ತಂಪಾಗಿಸುತ್ತವಲ್ಲ, ಅವನ್ನು ತೆಗೆದರೆ ತಾಪ ಏರುವುದಿಲ್ಲವೇ ಎನ್ನಬಹುದು. ಮಾತು ನಿಜ. ಅದಕ್ಕೇ ಮಸಿ ಮತ್ತು ಮೀಥೇನನ್ನು ಜೊತೆಜೊತೆಗೇ ಇಳಿಸಬೇಕು. ಜನರ ಶ್ವಾಸಕೋಶವನ್ನು ಕೊಡೆಯಾಗಿ ಬಳಸುವುದು ಹವಾಮಾನ ನೀತಿ ಆಗಲಾರದು.

ಮೂರು ತಿಂಗಳ ನಂತರ

ನೋಟ್‌ಪುಸ್ತಕ ಮತ್ತೆ ತೆರೆದು ಇನ್ನೊಂದು ವಾರ ಬರೆಯಿರಿ, ಹಳೆಯ ಪುಟದ ಎದುರಿಗೇ. ಹಿತ್ತಲಿನ ಒಲೆಯ ಬೂದಿಯನ್ನು ನೋಡಿ: ಹಳೆಯ ಬೂದಿಗೆ ಜೇಡ ಬಲೆ ಕಟ್ಟಿದೆಯೇ, ಅಥವಾ ನಿನ್ನೆಯ ಬೂದಿ ಇನ್ನೂ ಬೆಚ್ಚಗಿದೆಯೇ? ಬೆಚ್ಚಗಿದ್ದರೆ ಯಾವ ಕೆಲಸಕ್ಕೆ ಹಚ್ಚಿದರೆಂದು ಮನೆಯವರನ್ನು ಜಗಳವಾಡದೆ ಕೇಳಿ. ಗದ್ದೆಯ ಕೊಳವೆ ಗದ್ದೆಯಲ್ಲೇ ಇದೆಯೇ, ಬದುವಿನ ಮೇಲೆ ಮಲಗಿದೆಯೇ ನೋಡಿ. ಕೀಲುಗಳಿಗೆ ನೊರೆ ಹಚ್ಚಿ. ಕಾಂಪೋಸ್ಟ್ ಡ್ರಮ್ಮಿನ ಮುಚ್ಚಳ ತೆರೆದು ಮೂಸಿ. ಈ ಸಲ ಯಾರೂ ಹೊರಗೆ ಓಡಬೇಕಾಗಿಲ್ಲ.